ಕಾಳಣ್ಣನ ಹಾಡಿಗೆ ಪಿಟೀಲು

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ಹುಚ್ಚೀರಯ್ಯ ಅನ್ನುವ ಗುರುಗಳಿದ್ದರು. ಸುತ್ತಲಿನ ಜನ ಅವರನ್ನು ಅಜ್ಜಾರು ಅಂತಲೇ ಕರೆಯುತ್ತಿದ್ದರು. ಅವರಿಗೆ ಇದ್ದ ಶಿಷ್ಯ ಒಬ್ಬನೇ, ಮೋನಪ್ಪ. ಒಬ್ಬನೇ ಸಾಕಾಗಿ ಹೋಗಿತ್ತು ಅವರಿಗೆ.

ಒಂದು ಮುಂಜಾನೆ ಅಜ್ಜಾರು ಹೊಳೆಯಲ್ಲಿ ಧೋತರ ಒಗೆಯುತ್ತಿದ್ದರು. ಮೋನಪ್ಪ ಕೈಯಲ್ಲಿ ಮೊಬೈಲು ಹಿಡಿದುಕೊಂಡು ಮೆಟ್ಟಿಲು ಇಳಿದು ಬಂದ. ಬಂದ ಅಂದರೆ ನೆಟ್ಟಗೆ ನಡೆದು ಬಂದನೇ? ಧಡಧಡ ಧುಮುಕುತ್ತ ಬಂದ. ಸಿಟ್ಟು ಅಂದರೆ ಅಂಥಿಂಥ ಸಿಟ್ಟಲ್ಲ, ಕಿವಿಯವರೆಗೆ ಕೆಂಪೇರಿತ್ತು.

“ಕೊಂದಬಿಟ್ಟಾನ್ರೀ ಅಜ್ಜಾರ!”

“ಯಾರು? ಯಾರನ್ನ?”

“ದೇವಪುತ್ರ. ನಮ್ಮ ಹಾಡು ಕೊಂದಬಿಟ್ಟಾನ.”

“ಹಾಡೇನು?” ಅಜ್ಜಾರು ಧೋತರ ಹಿಂಡಿದರು. “ನಾ ಮನಷ್ಯಾನ್ನ ಕೊಂದಾನೇನೋ ಅಂತ ಗಾಬರಿ ಆಗಿದ್ದೆ. ಕುಂದ್ರು.”

ಮೋನಪ್ಪ ಕೂಡಲಿಲ್ಲ. ಕೂಡುವ ಸ್ಥಿತಿಯಲ್ಲಿ ಇರಲಿಲ್ಲ.

ಮಠಕ್ಕೆ ಬರುವ ಮೊದಲು ಈ ಮೋನಪ್ಪ ಹುಬ್ಬಳ್ಳಿಯ ರೈಲ್ವೆ ಕಾಲನಿಯಲ್ಲಿ ಒಂದು ರಾಕ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ. ಬ್ಯಾಂಡಿನ ಹೆಸರು ಗ್ಯಾಂಗ್‌ಮನ್. ಹಾಡು ಬರೆಯುವವನು, ಹಾಡುವವನು, ಗಿಟಾರ್ ನುಡಿಸುವವನು ಎಲ್ಲ ಒಬ್ಬನೇ, ಅವನ ಚಿಕ್ಕಂದಿನ ಗೆಳೆಯ ದೇವಪುತ್ರ.

ಒಂದು ಹಾಳುಬಿದ್ದ ಹತ್ತಿ ಗೋದಾಮಿನಲ್ಲಿ ಇಬ್ಬರೂ ಕೂಡಿ ಒಂದೇ ಒಂದು ಆಲ್ಬಮ್ ಮಾಡಿದ್ದರು. ‘ಲೂಪ್ ಲೈನ್’ ಅಂತ ಅದರ ಹೆಸರು. ಅದರ ಹುಚ್ಚು ಎಷ್ಟಿತ್ತು ಅಂದರೆ, ಧಾರವಾಡದ ಹಾಸ್ಟೆಲ್ಲುಗಳಲ್ಲಿ ಅದನ್ನು ಹಚ್ಚದ ಕೋಣೆಯೇ ಇರಲಿಲ್ಲ. ಗೋದಾಮಿನ ತಗಡು ಅದುರಿದ್ದು, ಮೈಕು ಕಿರುಚಿದ್ದು, ಎಲ್ಲವೂ ಅದರಲ್ಲಿತ್ತು. ಆ ಗದ್ದಲವೇ ಜನಕ್ಕೆ ಪ್ರೀತಿ.

ಈಗ ದೇವಪುತ್ರ ಅದೇ ಹಳೇ ಟ್ರ್ಯಾಕುಗಳನ್ನು ದೊಡ್ಡ ಸ್ಟುಡಿಯೋಕ್ಕೆ ಒಯ್ದಿದ್ದ. ಕಿರುಚುವುದನ್ನೆಲ್ಲ ತೊಳೆಸಿದ್ದ. ಮೇಲೆ ಒಂದು ಸಾಲು ಪಿಟೀಲು, ಕೊಳಲು, ಹೆಂಗಸರ ಕೋರಸ್ಸು, ಏನೇನು ಸಿಕ್ಕಿತೋ ಅದನ್ನೆಲ್ಲ ಹಾಕಿಸಿದ್ದ. ಅದರಲ್ಲಿನ ಒಂದು ಹಾಡನ್ನು ಮೋನಪ್ಪನ ಮೊಬೈಲಿಗೆ ಕಳಿಸಿ, “ನೀ ಹ್ಞೂಂ ಅಂದ್ರ ಹೊರಗ ಬಿಡ್ತೀನಿ. ಇಲ್ಲಾಂದ್ರ ಇಲ್ಲ. ಮುಂಜಾನೆ ಮಠಕ್ಕ ಬರ್ತೀನಿ” ಅಂದಿದ್ದ.

“ಬರ್ಲಿ ಅಂವ,” ಅಂದ ಮೋನಪ್ಪ. “ಇದು ಹೊರಗ ಬರಬಾರದು ಅಂತೀನಿ. ಮತ್ತ ಈ ಜನ್ಮದಾಗ ನನಗ ನಿನ್ನ ಮಾರಿ ತೋರಸಬ್ಯಾಡ ಅಂತನೂ ಅಂತೀನಿ.”

“ಪಿಟೀಲು ಕೆಟ್ಟ ನುಡಿಸ್ಯಾರೇನು?”

“ಚಲೋ ನುಡಿಸ್ಯಾರ್ರೀ! ಅದಕ್ಕ ಸಿಟ್ಟು! ಕೆಟ್ಟ ನುಡಿಸಿದ್ರ ನಕ್ಕು ಬಿಡ್ತಿದ್ದೆ.”

ಅಜ್ಜಾರಿಗೆ ಈ ಮಾತು ಹಿಡಿಸಿತು. “ಎರಡೂ ಹಚ್ಚು,” ಅಂದರು. “ಹಳೇದು ಮೊದಲ.”

ಮೋನಪ್ಪ ಹಳೆಯದನ್ನು ಹಚ್ಚಿದ. ದಂಡೆಯ ಮೇಲಿನ ಕೊಕ್ಕರೆಗಳು ಎದ್ದು ಹಾರಿಹೋದವು.

ಅಜ್ಜಾರು ಕಣ್ಣು ಮುಚ್ಚಿ ಕೇಳಿದರು. “ಯಾರೋ ತಗಡಿನ ಮ್ಯಾಲೆ ಕಲ್ಲು ಒಗ್ಯಾಕತ್ತಾರ.”

“ಅದು ನನ್ನ ಡ್ರಮ್ಮು ಅಜ್ಜಾರ!”

“ಹೌದಾ? ಚಲೋ ಒಗದೀ ಬಿಡು. ಹೊಸಾದು ಹಚ್ಚು.”

ಹೊಸದು ಶುರುವಾಯಿತು. ಪಿಟೀಲು ಎದ್ದವು, ಹೆಂಗಸರು ರಾಗ ಎಳೆದರು, ದೂರದಲ್ಲೆಲ್ಲೋ ಡ್ರಮ್ಮು ಕೇಳಿಸಿತು. ಮೋನಪ್ಪ ಹಲ್ಲು ಕಡಿದು ಪಟ್ಟನೆ ನಿಲ್ಲಿಸಿಬಿಟ್ಟ.

“ಮದವಿ ಮನಿ ಇದ್ದಂಗ ಐತಿ,” ಅಂದರು ಅಜ್ಜಾರು.

“ಹಾಂ! ನೋಡ್ರಿ! ಸತ್ತ ಮನಿ ಹಾಡ್ರೀ ಅದು. ಸತ್ತ ಮನಿಗೆ ಹಂದರ ಹಾಕಿ, ಲೈಟಿನ ಸರ ಬಿಟ್ಟು, ಅತ್ತರ ಹೊಡದಾನ. ನಾಚಿಗಿ ಬ್ಯಾಡ ಅವಂಗ?”

“ಯಾರು ಸತ್ತಿದ್ರು?”

ಮೋನಪ್ಪ ಈಗ ಕೂತ.

“ನಮ್ಮಣ್ಣ. ಕಾಳಪ್ಪ.”

ಕಾಳಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ. ಹಳಿ ನೋಡುತ್ತ ಮೈಲುಗಟ್ಟಲೆ ನಡೆಯುವ ಕೆಲಸ. ಬ್ಯಾಂಡಿಗೆ ಆ ಹೆಸರು ಬಂದದ್ದೇ ಅವನಿಂದ. ಒಂದು ಮಂಜಿನ ಮುಂಜಾನೆ ಪಕ್ಕದ ಹಳಿಯ ಮೇಲೆ ಗೂಡ್ಸ್ ಗಾಡಿ ಹೊರಟಿತ್ತು. ಅದರ ಸದ್ದಿನಲ್ಲಿ, ಹಿಂದಿನಿಂದ ಬಂದ ಇಂಜಿನ್ನು ಅವನಿಗೆ ಕೇಳಿಸಲೇ ಇಲ್ಲ.

“ದಿನಕರ್ಮ ಮುಗದ ಮರುದಿನ ಗೋದಾಮಿಗೆ ಹೋಗಿ ಕುಂತೆ,” ಅಂದ ಮೋನಪ್ಪ. “ಮಣ್ಣು ಮಾಡುವಾಗ ನನಗ ಅಳು ಬಂದಿರಲಿಲ್ರಿ. ಕಲ್ಲೆದಿ ಮಗ ಅಂತ ಮಂದಿ ಆಡಿಕೊಂಡ್ರು. ಡ್ರಮ್ಮಿನ ಮುಂದ ಕುಂತೆ ನೋಡ್ರಿ, ಕೈ ನಿಲ್ಲಲೇ ಇಲ್ಲ. ಅಂಗೈ ಸುಲದು ರಕ್ತ ಬಂತು. ಈ ಹಾಡಿನಾಗ ಇರೂದು ಅದ. ಅದು ಡ್ರಮ್ ಅಲ್ರೀ ಅಜ್ಜಾರ, ನನ್ನ ಅಳು. ಅದನ್ನ ಹಿಡದು ಕೌದ್ಯಾಗ ಸುತ್ತಿ ಮೂಲಿಗೆ ಇಟ್ಟಾನ!”

ಅಜ್ಜಾರು ಧೋತರ ಕಲ್ಲಿನ ಮೇಲೆ ಇಟ್ಟರು.

“ಇದು ಸಿಟ್ಟು ಬರೂ ಮಾತ ಐತಿ,” ಅಂದರು.

ಮೋನಪ್ಪನಿಗೆ ಸಮಾಧಾನವಾಯಿತು. ಗುರುಗಳು ತನ್ನ ಕಡೆ ಆದರು ಅಂದುಕೊಂಡ. ಅಜ್ಜಾರು ಯಾರ ಕಡೆಯೂ ಆಗುವ ಪೈಕಿ ಅಲ್ಲ ಅನ್ನುವುದು ಇಷ್ಟು ವರ್ಷ ಜೊತೆಗಿದ್ದೂ ಅವನಿಗೆ ತಿಳಿದಿರಲಿಲ್ಲ, ಪಾಪ.

“ಆ ಹಾಡಿನ ಸೊಲ್ಲು ಹೇಳು.”

ಮಠದ ಭಜನೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ದಮ್ಮಡಿ ಬಾರಿಸುವವನೂ ತಾಳ ಹಾಕುವವನೂ ಹಾಡಿನ ಸೊಲ್ಲನ್ನು ಬಾಯಿ ಬಿಟ್ಟು ಹಾಡಲೇಬೇಕು. ಕೈಯಷ್ಟೇ ಆಡಿಸಿ ಬಾಯಿ ಮುಚ್ಚಿ ಕೂತವನ ಕೈಯಿಂದ ಅಜ್ಜಾರು ದಮ್ಮಡಿ ಕಸಿದುಕೊಂಡು ಎಬ್ಬಿಸಿಬಿಡುತ್ತಿದ್ದರು. ಊರ ಗೌಡರನ್ನೂ ಬಿಟ್ಟವರಲ್ಲ.

ಮೋನಪ್ಪ ಬಾಯಿ ತೆರೆದ.

“‘ಕಾಳಣ್ಣಾ’ ಅಂತ ಬರ್ತೈತ್ರಿ ಒಂದ ಕಡೆ...”

“ಮುಂದ?”

“ಗೊತ್ತಿಲ್ರಿ.”

“ನಿಮ್ಮಣ್ಣನ ಹಾಡು. ಗೊತ್ತಿಲ್ಲ.”

“ರಾಕ್‌ದಾಗ ಡ್ರಮ್ ಬಾರಿಸಾಂವ ಹಾಡಂಗಿಲ್ರಿ ಅಜ್ಜಾರ.”

“ಕಿವಿನೂ ಇರಂಗಿಲ್ಲೇನು ಅವಂಗ?”

“ಗದ್ದಲದಾಗ ಮಾತು ಕೇಳಸಂಗಿಲ್ರಿ. ಕೇಳಸಬೇಕಂತನೂ ಇಲ್ಲ. ಆ ಗದ್ದಲನ ಹಾಡು.”

“ಹೊಸಾದ್ರಾಗ ಕೇಳಸ್ತೈತೇನು?”

ಮೋನಪ್ಪ ನೆಲ ನೋಡಿದ. “ಹೊಸಾದು ಪೂರ್ತಿ ಕೇಳಿಲ್ರಿ. ನನ್ನ ಡ್ರಮ್ ಸಣ್ಣಾಗಿದ್ದು ಗೊತ್ತಾತು, ಬಂದ್ ಮಾಡಿದೆ.”

ಈಗ ಸಿಟ್ಟು ಬಂದದ್ದು ಅಜ್ಜಾರಿಗೆ. ಒದ್ದೆ ಧೋತರವನ್ನು ಎತ್ತಿ ಕಲ್ಲಿಗೆ ಬಡಿದರು. ನೀರು ಮೋನಪ್ಪನ ಮುಖಕ್ಕೆಲ್ಲ ಸಿಡಿಯಿತು.

“ಎತ್ತು ಈದೈತಿ ಅಂದ್ರ ಕೊಟಗ್ಯಾಗ ಕಟ್ಟು ಅಂದಂಗಾತು! ಹಳೇದ್ರಾಗ ಹಾಡು ಕೇಳಿಲ್ಲ. ಹೊಸಾದ್ರಾಗೂ ಹಾಡು ಕೇಳಿಲ್ಲ. ಹಾಡು ಕೊಂದಾನ ಅಂತ ಊರಿಗೆಲ್ಲ ಕೇಳೂಹಂಗ ಒದರಕೋತ ಬಂದೀ. ಹೆಣಾ ಯಾರದು ಅಂತರ ಗೊತ್ತೈತೇನಲೇ ನಿನಗ?”

ಮೋನಪ್ಪ ಮುಖ ಒರೆಸಿಕೊಂಡ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಯಾರೋ ಕೆಮ್ಮಿದರು.

ದೇವಪುತ್ರ ಬಂದು ನಿಂತಿದ್ದ. ಬಸ್ಸಿಳಿದು ನೇರ ಹೊಳೆಗೇ ಬಂದವನು. ಕೂದಲು ಅರ್ಧ ಬೆಳ್ಳಗಾಗಿತ್ತು, ಹೆಗಲಿಗೆ ಅದೇ ಹಳೇ ಗಿಟಾರು. ಅಜ್ಜಾರಿಗೆ ಕೈಮುಗಿದು ಗೆಳೆಯನ ಕಡೆ ತಿರುಗಿದ.

“ಹೆಂಗ್ ಅನಸ್ತೋ ಮೋನ್ಯಾ?”

ಇಷ್ಟು ಸಾಕಾಯಿತು.

“ಹೆಂಗ್ ಅನಸ್ತು ಅಂತ ಕೇಳಾಕ ನಾಚಿಗಿ ಬರಂಗಿಲ್ಲೇನಲೇ ನಿನಗ? ನಮ್ಮಣ್ಣನ ಹಾಡಿಗೆ ಪಿಟೀಲು! ಕೋರಸ್ಸು! ಆ ಹೆಣಮಕ್ಳು ಅಷ್ಟು ಚೆಂದಾಗಿ ಅಳಾಕ ಅವರ ಮನ್ಯಾಗ ಯಾರ ಸತ್ತಿದ್ರು?”

ದೇವಪುತ್ರನೇನು ಕಡಿಮೆಯವನೇ? ಅವನಿಗೂ ಏರಿತು.

“ನಿನ್ನ ಡ್ರಮ್ ಇಳಿಸಿದ್ದಕ್ಕ ಉರಿಯಾಕತ್ತೈತಿ ಅನ್ನು! ಹೌದು, ಇಳಿಸೀನಿ. ಹತ್ತು ವರ್ಷ ಮಂದಿ ನನ್ನ ಹಾಡಿಗೆ ಕುಣದಾರ. ಇಂವ ಏನ ಹಾಡಾಕತ್ತಾನ ಅಂತ ಒಬ್ಬಾಂವರ ಕೇಳ್ಯಾನೇನು? ಮಂದಿ ಹಾಳಾಗಿ ಹೋಗ್ಲಿ. ನೀ ಕೇಳೀದೇನು?”

“ಮಾತು ಕೇಳಸಬೇಕಾದ್ರ ಪಿಟೀಲು ಯಾಕ ಬೇಕಾಗಿತ್ತು?”

ದೇವಪುತ್ರ ತಡವರಿಸಿದ. ಸಿಟ್ಟು ಅರ್ಧಕ್ಕೇ ನಿಂತುಬಿಟ್ಟಿತು.

“ಡ್ರಮ್ ಇಳಿಸಿದೆ. ನನ್ನ ದನಿ ಬೋಳಾಗಿ ನಿಂತುಬಿಡ್ತು. ಸ್ಟುಡಿಯೋದಾಗ ಒಬ್ಬನ ಕುಂತು ಕೇಳಿದೆ... ತಡಕೊಳ್ಳಾಕ ಆಗಲಿಲ್ಲೋ. ಪಿಟೀಲು ತುಂಬಿದೆ. ಆದ್ರೂ ಆಗಲಿಲ್ಲ. ಇನ್ನಷ್ಟು ತುಂಬಿದೆ.”

“ಹಾಡು,” ಅಂದರು ಅಜ್ಜಾರು.

“ಈಗೇನ್ರಿ?”

“ಈಗ. ಆ ಗಿಟಾರು ಕೆಳಗ ಇಡು. ಮೋನ್ಯಾ, ನೀ ಕೈ ಕಟ್ಟಿ ಕುಂದ್ರು. ತೊಡಿ ಮ್ಯಾಲೆ ತಾಳ ಹಾಕೀಯಂದ್ರ ಹೊಳಿಗೆ ನೂಕ್ತೀನಿ.”

ದೇವಪುತ್ರ ಹಾಡಿದ. ದನಿ ಒಡೆದಿತ್ತು. ಹಿಂದೆ ಮುಂದೆ ಏನೂ ಇರಲಿಲ್ಲ, ಹೊಳೆಯ ನೀರಷ್ಟೇ ಹರಿಯುತ್ತಿತ್ತು.

ಕಂದೀಲು ಹಿಡಿದು ಹೊಂಟವನೇ ಕಾಳಣ್ಣಾ,
ಚಹಾದಂಗಡಿ ಮುಂದ ನಿಂತು ಕೇಳಿದ್ದಿ:
ನಮ್ಮ ಹುಡುಗ ಉಂಡಾನೇನಲೇ?
ನಾ ಹೇಳೂದ್ರಾಗ ಮಂಜಿನಾಗ ಹೋದಿ.

ಅದನ್ನೇ ಇನ್ನೊಮ್ಮೆ ಹಾಡಿದ. ಆಮೇಲೆ ಆಗಲಿಲ್ಲ.

ಕಟ್ಟಿಕೊಂಡಿದ್ದ ಮೋನಪ್ಪನ ಕೈ ಬಿಚ್ಚಿಹೋದವು.

“ಇದು ನೀ ಕಟ್ಟಿದ್ದೋ, ಅಂವ ಖರೇನ ಕೇಳಿದ್ದೋ?”

“ಖರೇನ. ಆ ಮುಂಜಾನೆ, ಡ್ಯೂಟಿಗೆ ಹೊಂಟಾಗ.”

ಅದರ ಹಿಂದಿನ ರಾತ್ರಿ ಅಣ್ಣ ತಮ್ಮಂದಿರಿಗೆ ಜಗಳವಾಗಿತ್ತು. ಈ ಡಬ್ಬಾ ಬಡಿಯುವುದು ಬಿಟ್ಟು ಎಲ್ಲಾದರೂ ಕೆಲಸ ಹಿಡಿ ಅಂದಿದ್ದ ಕಾಳಪ್ಪ. ಮೋನಪ್ಪ ಉಣ್ಣುತ್ತಿದ್ದ ತಾಟು ನೂಕಿ ಎದ್ದು, ಗೋದಾಮಿಗೆ ಹೋಗಿ ಮಲಗಿದ್ದ. ಅಣ್ಣ ತನ್ನ ಮೇಲಿನ ಸಿಟ್ಟಿನಲ್ಲೇ ಸತ್ತ ಅಂತ ಇಷ್ಟು ವರ್ಷ ತಿಳಿದಿದ್ದ. ಬ್ಯಾಂಡು ಬಿಟ್ಟದ್ದು, ಮನೆ ಬಿಟ್ಟದ್ದು, ಈ ಮಠಕ್ಕೆ ಬಂದು ಬಿದ್ದದ್ದು, ಎಲ್ಲ ಆ ಸಂಕಟಕ್ಕೇ.

“ನನಗ್ಯಾಕ ಹೇಳಲಿಲ್ಲಲೇ?” ಅಂದ ಮೋನಪ್ಪ. “ಹತ್ತು ವರ್ಷಲೇ! ಹತ್ತು ವರ್ಷ ನನಗ ಒಂದ ಮಾತು ಯಾಕ ಹೇಳಲಿಲ್ಲ?”

“ಹೆಂಗ್ ಹೇಳಲಿ? ಬಾಯಿ ಬರಲಿಲ್ಲ. ಹಾಡು ಮಾಡಿದೆ. ಗೋದಾಮಿನಾಗ ನಿನ್ನ ಮಗ್ಗಲದಾಗ ನಿಂತು, ನಿನ್ನ ಮಾರಿ ನೋಡಕೋತ ಹಾಡಿದೆ. ನೀ ಬಾರಿಸೂದು ನಿಲ್ಲಿಸಲಿಲ್ಲ.”

ಮೋನಪ್ಪ ಅತ್ತ. ಮಣ್ಣು ಮಾಡುವಾಗ ಬಾರದ ಅಳು ಈಗ ಬಂತು. ಗೊಳೋ ಅಂತ ಅತ್ತ, ನಡುನಡುವೆ ದೇವಪುತ್ರನನ್ನು ಬೈದ, ತನ್ನನ್ನೂ ಬೈದುಕೊಂಡ. ಅಜ್ಜಾರು ಸುಮ್ಮನೆ ಧೋತರದ ಮಡಿಕೆ ಹಾಕುತ್ತಿದ್ದರು.

ಎಷ್ಟೋ ಹೊತ್ತಿನ ಮೇಲೆ ಅವನು ಹೊಳೆಗಿಳಿದು ಮುಖ ತೊಳೆದುಕೊಂಡು ಬಂದ.

“ಹೊರಗ ಬರ್ಲಿ,” ಅಂದ. “ನಾ ಹ್ಞೂಂ ಅಂದೆ. ನನ್ನ ಡ್ರಮ್ಮು ಇನ್ನೂ ಇಳಸು. ಪೂರ್ತಿ ತಗದಬಿಡು.”

“ಡ್ರಮ್ಮು ತಗದ್ರ ಅದು ನಮ್ಮ ಹಾಡ ಅಲ್ಲ,” ಅಂದ ದೇವಪುತ್ರ. “ನಾ ಪಿಟೀಲು ತಗೀತೀನಿ. ನಿನ್ನ ಡ್ರಮ್ ಏರಸ್ತೀನಿ.”

“ಏರಸಬ್ಯಾಡ ಅಂದ್ನಲ್ಲ!”

“ಮಿಕ್ಸಿಂಗ್‌ದಾಗ ನಿನಗೇನ ತಿಳೀತೈತಿ?”

“ಮಾತು ಮುಚ್ಚಿ ಹೋಗ್ತೈತಲೇ! ಪಿಟೀಲ ಇರ್ಲಿ ಬೇಕಾದ್ರ. ಮಾತರ ಕೇಳಸ್ತೈತಿ.”

“ನಿನ್ನ ಅಳು ಇಲ್ಲದ ಬರೇ ಮಾತು ತಗೊಂಡು ನಾ ಏನ ಮಾಡ್ಲಿ?”

ಮತ್ತೆ ಜಗಳ! ಸ್ವಲ್ಪ ಹೊತ್ತಿನ ಮುಂಚೆ ಪಿಟೀಲಿನ ಹೆಸರೆತ್ತಿದರೆ ಕೊಲ್ಲಲು ಹೋಗುತ್ತಿದ್ದವನು ಈಗ ಪಿಟೀಲಿನ ಪರ ನಿಂತ. ಪಿಟೀಲು ತಂದವನು ಅದನ್ನು ಕಿತ್ತು ಒಗೆಯುತ್ತೇನೆ ಅಂದ. ಒಬ್ಬ ಇಳಿಸು ಅನ್ನುತ್ತಾನೆ, ಒಬ್ಬ ಏರಿಸುತ್ತೇನೆ ಅನ್ನುತ್ತಾನೆ. ಕೊರಳಪಟ್ಟಿ ಹಿಡಿಯುವುದೊಂದು ಬಾಕಿ.

ಕೊನೆಗೆ ಇಬ್ಬರೂ ಗುರುಗಳ ಕಡೆ ತಿರುಗಿದರು.

“ನೀವ ಹೇಳ್ರಿ ಅಜ್ಜಾರ. ಹಳೇದು ಇರ್ಲೋ, ಹೊಸಾದು ಬರ್ಲೋ?”

ಅಜ್ಜಾರು ಧೋತರ ಹೆಗಲಿಗೆ ಹಾಕಿಕೊಂಡು ಆಗಲೇ ಮೆಟ್ಟಿಲು ಹತ್ತುತ್ತಿದ್ದರು. ನಿಂತರು. ತಿರುಗಿ ನೋಡಿದರು. ಅವರ ಸಿಟ್ಟು ಇನ್ನೂ ಇಳಿದಿರಲಿಲ್ಲ.

“ಏರಸ್ರಿ, ಇಳಸ್ರಿ, ಏನರ ಮಾಡ್ಕೋರಿ. ಆ ಸತ್ತಾಂವ ಹುಡುಗ ಉಂಡಾನೇನು ಅಂತ ಒಂದು ಮಾತು ಕೇಳಿ ಹೋಗ್ಯಾನ. ಅವಂಗ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲಲ್ರೋ!”