ಸಂಪಿಗೆ ಎಲೆಯ ಬೆನ್ನಿಗೆ ಕಂಬಳಿ

ಲೋಕ ಇನ್ನೂ ಹಸಿ ಮಡಕೆಯಂತಿದ್ದ ಕಾಲ. ಗಿಡಗಳು ಮಾತಾಡುತ್ತಿದ್ದವು, ಗಾಳಿ ಜಗಳಕ್ಕೆ ಬರುತ್ತಿತ್ತು.

ಆಗ ಕಂಬಳಿ ನೇಯುವ ಹುಲಿಗೆವ್ವ ತೆಂಕಣದಿಂದ ಬಡಗಣದ ಹಿಮದ ಬೆಟ್ಟಕ್ಕೆ ಒಬ್ಬಳೇ ಬಂದಳು. ತಲೆಯ ಮೇಲೆ ಮಗ್ಗ, ಮಡಿಲಲ್ಲಿ ಹುಣಸೆ ಬೀಜ, ಕಂಕುಳಲ್ಲಿ ಒಂದು ಸಂಪಿಗೆ ಸಸಿ. ತಾನೇ ಕಲ್ಲು ಹೊತ್ತು ಮನೆ ಕಟ್ಟಿದಳು. ಬಾಗಿಲಲ್ಲಿ ಸಸಿ ನೆಟ್ಟಳು. ಊರಿಂದ ತಂದ ಜೀವ ಅದೊಂದೇ.

ಅಲ್ಲಿನ ಮರಗಳೆಲ್ಲ ಚಳಿ ಬಂದೊಡನೆ ಎಲೆ ಉದುರಿಸಿ ಮಲಗುತ್ತಿದ್ದವು. ಸಂಪಿಗೆ ಮಾತ್ರ ಒಂದೆಲೆಯನ್ನೂ ಬಿಡಲಿಲ್ಲ.

"ಉದುರಿಸೇ ಮಗಳೇ, ಮತ್ತೆ ಚಿಗುರುತ್ತೀಯ," ಎಂದಳು ಹುಲಿಗೆವ್ವ.

"ಉದುರಿಸಲ್ಲ."

"ಹಾಗಾದರೆ ಕಂಬಳಿ ಹೊದ್ದುಕೋ."

"ಚುಚ್ಚುತ್ತೆ!"

ಹುಲಿಗೆವ್ವ ಹೊದಿಸುವಳು. ಸಂಪಿಗೆ ಕೊಡವಿ ಬೀಳಿಸುವಳು. ಮತ್ತೆ ಹೊದಿಸುವಳು. ಮತ್ತೆ ಬೀಳಿಸುವಳು. ಬಿದ್ದ ಕಂಬಳಿಯನ್ನೆಲ್ಲ ಗಾಳಿ ಎಳೆದೊಯ್ಯುವುದು.

"ಎಲೆಯ ಹೊಳೆಯೋ ಮುಖ ಮುಚ್ಚಿಕೊಂಡು ಹಸಿರಾಗಿದ್ದು ಏನವ್ವಾ ಸುಖ?" ಎಂದಳು ಸಂಪಿಗೆ.

"ನಿನ್ನ ಬಿಂಕಕ್ಕೆ ಬೆಂಕಿ ಹಾಕ!" ಹುಲಿಗೆವ್ವ ಹಣೆ ಚಚ್ಚಿಕೊಂಡಳು.

ಮೂರನೆಯ ಚಳಿಗಾಲದಲ್ಲಿ ಎಲೆಗಳ ಅಂಚು ಕಪ್ಪಾಯಿತು. ಸಂಪಿಗೆಯ ದನಿ ಸಣ್ಣಗಾಯಿತು.

ಬಡಗಣ ಗಾಳಿ ನಕ್ಕಿತು. "ಎಷ್ಟು ಹೊದಿಸಿದರೇನು ಮುದುಕಿ? ನಾನು ಕಣಿವೆಯಿಂದ ಮೇಲಕ್ಕೆ ಬೀಸೋನು. ನಾನು ಕಚ್ಚೋದು ಬೆನ್ನಿಗೆ, ನೀನು ಮುಚ್ಚೋದು ತಲೆಗೆ!"

ಹುಲಿಗೆವ್ವ ಒಂದೆಲೆ ತಿರುವಿ ನೋಡಿದಳು. ಬೆನ್ನೆಲ್ಲ ಹಿಮದ ಗಾಯ.

"ಥೂ ನನ್ನ ಬುದ್ಧಿಗೆ! ಮಗಳನ್ನು ಬೈದೆ, ಅವಳ ಬೆನ್ನು ನೋಡಲೇ ಇಲ್ಲ!"

ಮನೆಯಲ್ಲಿ ಉಳಿದದ್ದು ತಾನು ಹೊದ್ದ ಕಂದು ಕಂಬಳಿ ಒಂದೇ. ಕರಕರ ಕತ್ತರಿಸಿದಳು. ನೂಲಿಗೆ ಬಿಗಿ ಬರಲೆಂದು ನೇಕಾರರು ಸವರುವ ಹುಣಸೆ ಬೀಜದ ಗಂಜಿ ಕಾಯಿಸಿದಳು. ಎಲೆಯ ಬೆನ್ನಿಗೆ ಗಂಜಿ ಸವರಿ, ಒಂದೊಂದಕ್ಕೂ ಒಂದೊಂದು ತುಂಡು ಅಂಟಿಸಿದಳು.

"ಚುಚ್ಚುತ್ತೆ!"

"ಚುಚ್ಚಲಿ. ಈಗ ಕೊಡವು, ನೋಡೋಣ!"

ಸಂಪಿಗೆ ಕೊಡವಿದಳು. ಒಂದು ತುಂಡೂ ಬೀಳಲಿಲ್ಲ. ಎಲೆಗಳ ಮುಖ ಮಾತ್ರ ಫಳಫಳ ಹೊಳೆಯುತ್ತಲೇ ಇತ್ತು. ಕಚ್ಚಲು ಬಂದ ಗಾಳಿ ಹಲ್ಲಿಗೆ ಉಣ್ಣೆ ಸಿಕ್ಕಿ, ಥೂ ಥೂ ಎನ್ನುತ್ತ ಓಡಿಹೋಯಿತು.

ಬರಿಮೈಯ ಹುಲಿಗೆವ್ವ ನಡುಗುತ್ತ ಬೊಡ್ಡೆಗೆ ಒರಗಿದಳು. ಸಂಪಿಗೆ ಕೊಂಬೆಗಳನ್ನು ನೆಲದ ತನಕ ಇಳಿಬಿಟ್ಟು, ಅವಳನ್ನು ಸುತ್ತ ಮುಚ್ಚಿಕೊಂಡಳು.

ಅದಕ್ಕೇ ಮಗೂ, ಚಳಿನಾಡಿನ ತೋಟದಲ್ಲಿ ಹಿಮದ ನಡುವೆಯೂ ಹಸಿರಾಗಿ ನಿಂತ ದೊಡ್ಡೆಲೆಯ ಸಂಪಿಗೆ ಕಂಡರೆ ಒಂದೆಲೆ ತಿರುವಿ ನೋಡು: ಮೇಲೆ ಎಣ್ಣೆ ಹಚ್ಚಿದ ಹೊಳಪು, ಅಡಿಯಲ್ಲಿ ಹುಲಿಗೆವ್ವನ ಕಂದು ಕಂಬಳಿ, ಗಾಳಿ ಬೀಸಿದಾಗಲೆಲ್ಲ ಚರಚರ ಎಂದು 'ಚುಚ್ಚುತ್ತೆ' ಎನ್ನುವ ಸಂಪಿಗೆಯ ಅದೇ ಹಳೆಯ ಗೊಣಗಾಟ.