ಬಾಳಪ್ಪನಿಗೆ ಹೆಕ್ಟಿಕ್ ತಿಳಿದದ್ದು

ಹೂಂಗುಡುವವರು ಒಬ್ಬರಾದರೂ ಇದ್ದರೆ ಹೇಳುತ್ತೇನೆ, ಆಕಳಿಸುವವರು ಗೋಡೆಗೆ ಒರಗಿಕೊಳ್ಳಿ. ಕಲ್ಲವ್ವನಿಗೆ ಒಬ್ಬನೇ ಮಗ, ಬಾಳಪ್ಪ. ಆಳು ನೋಡಿದರೆ ಬಾಗಿಲು ತುಂಬುತ್ತಿದ್ದ, ಬುದ್ಧಿ ನೋಡಿದರೆ ಚಮಚೆ ತುಂಬುತ್ತಿರಲಿಲ್ಲ. ಮೀಸೆ ಬಂದು ಎಷ್ಟೋ ವರ್ಷವಾಗಿತ್ತು. "ನೀರು ಕಾಯ್ದಾವೇನು ನೋಡೋ" ಎಂದರೆ ನೋಡುತ್ತ ಕೂರುವವ, ನೀರೆಲ್ಲ ಇಂಗಿ ಹಂಡೆ ಕೆಂಪಾದರೂ ನೋಡುತ್ತಲೇ ಇರುವವ. ಕಲ್ಲವ್ವನಿಗೆ ಒಂದೇ ಚಿಂತೆ. ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ತುತ್ತು ಹಾಕುವವರು ಯಾರು?

ಬಸ್ ಸ್ಟ್ಯಾಂಡಿನ ಎದುರು ಚನ್ನಕ್ಕನ ಖಾನಾವಳಿ. ರೊಟ್ಟಿ, ಎಣಗಾಯಿ, ಝುಣಕ. ಮಧ್ಯಾಹ್ನವಾದರೆ ಕಾಲಿಡಲು ಜಾಗವಿಲ್ಲ. ಕಲ್ಲವ್ವ ಹೋಗಿ ಸೆರಗೊಡ್ಡಿದಳು.

"ಯಕ್ಕಾ, ನನ್ನ ಮಗಗ ಒಂದು ಕೆಲಸಾ ಕೊಡ್ರಿ."

"ಮೂರು ದಿನಾ ನೋಡ್ತೀನಿ ಕಲ್ಲವ್ವ. ನಮ್ಮಲ್ಲಿ ಮಧ್ಯಾಹ್ನ ಭಾಳ ಹೆಕ್ಟಿಕ್ ಇರತೈತಿ. ಹೆಕ್ಟಿಕ್ ತಡಕೊಳ್ಳವರು ಬೇಕು."

ಕಲ್ಲವ್ವ ಹೂಂ ಅಂದು ಬಂದಳು. ಆದರೆ ಹೆಕ್ಟಿಕ್ ಅಂದರೇನು? ತಿನ್ನುವುದೋ, ಉಡುವುದೋ? ಮಗನನ್ನೂ ಕರೆದುಕೊಂಡು ಓಣಿಯ ಮಾಸ್ತರರ ಮನೆಗೆ ಓಡಿದಳು. ಮಾಸ್ತರರು ಕನ್ನಡಕ ಏರಿಸಿದರು.

"ಅದು ಇಂಗ್ಲಿಷ್ ಮಾತು, ತಂಗಿ. ಕೈಕಾಲಿಗೆ ಪುರಸೊತ್ತಿಲ್ಲದಂಗ ಓಡ್ಯಾಡೂದು. ಈಗಿನ ಮಂದಿಗೆ ಹ್ಯಾಂಗಿದ್ದೀ ಅಂತ ಕೇಳು, ಹೆಕ್ಟಿಕ್ ಅಂತಾರ. ಕುಂತವರೂ ಹೆಕ್ಟಿಕ್, ಮಲಗಿದವರೂ ಹೆಕ್ಟಿಕ್!"

"ಕೇಳಿದೆಲ್ಲೋ ಬಾಳ್ಯಾ? ಓಡ್ಯಾಡಬೇಕು!"

"ಹೂಂ ಬೇ ಯವ್ವಾ!"

ಮೊದಲ ದಿನ ಬೆಳಿಗ್ಗೆ ಎಂಟಕ್ಕೇ ಹೋದ. ಊಟಕ್ಕೆ ಒಂದು ನರಪಿಳ್ಳೆ ಬಂದಿರಲಿಲ್ಲ. ಬಾಳಪ್ಪ ಖಾಲಿ ತಾಟು ಹಿಡಿದು ಓಡಿದ. ಟೇಬಲ್ಲಿನ ಸುತ್ತ ಓಡಿದ, ಹಿತ್ತಿಲಿಗೆ ಓಡಿದ, ಬಸ್ ಸ್ಟ್ಯಾಂಡಿಗೆ ಓಡಿ ತಿರುಗಿ ಓಡಿ ಬಂದ. ಹನ್ನೆರಡೂವರೆಗೆ ಜನ ಬಂದು ಕೂತರೆ, ಬಾಳಪ್ಪ ಜೋಳದ ಚೀಲದ ಮೇಲೆ ಬಿದ್ದು ಗೊರಕೆ ಹೊಡೆಯುತ್ತಿದ್ದ.

"ಏಳೋ! ಮಂದಿ ಬಂದಾರ!" ಎಂದಳು ಚನ್ನಕ್ಕ.

"ನಂದು ಹೆಕ್ಟಿಕ್ ಮುಗೀತ್ರಿ ಅಕ್ಕಾರ!"

ಸುದ್ದಿ ಕೇಳಿ ಕಲ್ಲವ್ವ ಹಣೆ ಹಣೆ ಬಡಿದುಕೊಂಡಳು. "ಪೆದ್ದಾ! ಬರೇ ಓಡಿದರ ಮಂದಿ ಹೊಟ್ಟಿ ತುಂಬತೈತೇನೋ? ಬಂದವರಿಗೆ ನೀಡಬೇಕು. ಉಣ್ಣವರು ನಾಚಿ ಸಾಕು ಅಂತಾರ, ಬ್ಯಾಡ ಅಂತಾರ. ಬ್ಯಾಡ ಅಂದರ ಬೇಕು ಅಂತ ತಿಳಕೊ!"

ಅವಳದೇನು ತಪ್ಪು? ನಮ್ಮ ಕಡೆಯ ಪದ್ಧತಿಯೇ ಅದು. ಒಮ್ಮೆಗೇ ಹೂಂ ಅಂದು ಬಡಿಸಿಕೊಂಡರೆ ಬೀಗರು ಏನೆಂದುಕೊಂಡಾರು!

ಎರಡನೇ ದಿನ ಒಬ್ಬ ಲಾರಿ ಡ್ರೈವರ್ "ಇನ್ನೊಂದು ರೊಟ್ಟಿ ಬೇಕಪಾ" ಎಂದ. ಬೇಡ ಅಂದರೆ ಬೇಕು. ಹಾಗಾದರೆ ಬೇಕು ಅಂದರೆ? ಬಾಳಪ್ಪ ಅವನ ತಾಟಿನಲ್ಲಿದ್ದ ಅರ್ಧ ರೊಟ್ಟಿಯನ್ನೂ ಎತ್ತಿಕೊಂಡ. ಪಕ್ಕದವ "ಸಾಕಪಾ" ಎಂದ. ಎರಡು ರೊಟ್ಟಿ ಬಿದ್ದವು. "ಬ್ಯಾಡೋ!" ನಾಲ್ಕು ಬಿದ್ದವು. "ಬ್ಯಾಡಂದರ ಬ್ಯಾಡ!" ಎಂದು ತಾಟಿಗೆ ಅಡ್ಡ ಕೈ ಇಟ್ಟ. ಆ ಕೈ ಮೇಲೆಯೇ ಝುಣಕ ಬಿತ್ತು!

ಸಂಜೆ ಚನ್ನಕ್ಕ ಕಲ್ಲವ್ವನನ್ನು ಕರೆಸಿದಳು. "ನಾಳೆ ಒಂದು ದಿನಾ ಐತಿ. ಆಮ್ಯಾಲ ನನ್ನ ಕೇಳಬ್ಯಾಡ, ತಾಯಿ."

ಕಲ್ಲವ್ವ ಮನೆಗೆ ಓಡಿ ಬಂದಳು. ಮಗನ ಎರಡೂ ಕಿವಿ ಹಿಡಿದು ಹೇಳಿದಳು. "ಓಡಬ್ಯಾಡ. ನೀನ ತಿಳಕೊಂಡು ನೀಡಲೂ ಬ್ಯಾಡ. ಒಬ್ಬೊಬ್ಬರ ಮುಂದ ನಿಂದ್ರು. 'ಏನ ಬೇಕ್ರಿ' ಅಂತ ಕೇಳು. ಅವರು ಹೇಳೂತನಾ ಅಲ್ಲಿಂದ ಕದಲಬ್ಯಾಡ!"

"ಹೂಂ ಬೇ ಯವ್ವಾ!"

ಮೂರನೇ ದಿನ ಖಾನಾವಳಿ ಗಿಜಿಗಿಜಿ. ಮೂಲೆಯ ಟೇಬಲ್ಲಿನಲ್ಲಿ ಚನ್ನಕ್ಕನ ಅಪ್ಪ ಮಲ್ಲಜ್ಜ ಎಂದಿನಂತೆ ಒಬ್ಬನೇ ಉಣ್ಣುತ್ತಿದ್ದ. ಬಾಳಪ್ಪ ಮೊದಲು ಅವನ ಮುಂದೆಯೇ ನಿಂತ.

"ಏನ ಬೇಕ್ರಿ ಅಜ್ಜಾರ?"

ಅಜ್ಜ ಮಾತಾಡಲಿಲ್ಲ. ಬಾಳಪ್ಪ ಕದಲಲಿಲ್ಲ. "ಏ, ಇಲ್ಲಿ ಪಲ್ಯಾ ತಾರೋ!" ಎಂದು ಒಬ್ಬ ಕೂಗಿದ. "ಏ, ಮಜ್ಜಿಗಿ!" ಎಂದು ಇನ್ನೊಬ್ಬ. "ಕೈಕಾಲು ಆಡಿಸೋ ಬಾಳ್ಯಾ!" ಎಂದು ಒಲೆಯ ಮುಂದಿನಿಂದ ಚನ್ನಕ್ಕ.

"ಅಜ್ಜಾರು ಇನ್ನೂ ಹೇಳವಲ್ರು!"

ಅಜ್ಜನ ಕಣ್ಣು ಮೇಲಾದವು. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. "ಹೇಳ್ರಿ ಅಜ್ಜಾರ, ನಾಚಬ್ಯಾಡ್ರಿ!" ಎಂದು ಬಾಳಪ್ಪ ಬೆನ್ನಿಗೊಂದು ಗುದ್ದಿದ. "ಹೇಳ್ರಿ!" ಎಂದು ಇನ್ನೊಂದು. ಮೂರನೇ ಗುದ್ದಿಗೆ ಅಜ್ಜನ ಗಂಟಲಲ್ಲಿ ಸಿಕ್ಕಿಬಿದ್ದಿದ್ದ ಕಟಕ್ ರೊಟ್ಟಿಯ ತುಂಡು ಹಾರಿ ಟೇಬಲ್ಲಿನ ಆಚೆ ಬಿತ್ತು. ಅಜ್ಜ ಉಸಿರೆಳೆದು "ನೀರು" ಎಂದ.

"ನೀರಂತ್ರಿ!" ಎಂದು ಬಾಳಪ್ಪ ಕುಸ್ತಿ ಗೆದ್ದವನ ಹಾಗೆ ಕೂಗಿದ.

ಸಂಜೆ ಚನ್ನಕ್ಕ ತಾನೇ ಕಲ್ಲವ್ವನ ಮನೆಗೆ ಬಂದಳು, ಅವಳ ಎರಡೂ ಕೈ ಹಿಡಿದುಕೊಂಡು ಅತ್ತಳು. "ನಾವೆಲ್ಲಾರೂ ಹೆಕ್ಟಿಕ್‌ದಾಗ ಇದ್ವಿ ಕಲ್ಲವ್ವ. ನನ್ನ ಅಪ್ಪ ನನ್ನ ಕಣ್ಣ ಮುಂದನ ಹೊಂಟಿದ್ದ. ನಿನ್ನ ಮಗ ಒಬ್ಬಾವ ಅವನ ಹತ್ರ ನಿಂತಿದ್ದ. ನಿನ್ನ ಉಪಕಾರಾ ಹ್ಯಾಂಗ ತೀರಿಸ್ಲಿ?" ಎಂದಳು. ಬಾಳಪ್ಪನ ಕಡೆ ತಿರುಗಿ, "ನಾಳಿಂದ ಖಾನಾವಳಿ ನಿಮ್ಮ ಮನೀನ ಅಂತ ತಿಳಕೊಂಡು ಇರಪಾ" ಎಂದಳು.

ಕಲ್ಲವ್ವ ಜಗಲಿಯ ದೇವರಿಗೆ ಕೈ ಮುಗಿದಳು, ಚನ್ನಕ್ಕನಿಗೆ ಮುಗಿದಳು, ಮಾಸ್ತರರ ಮನೆಯ ದಿಕ್ಕಿಗೂ ಒಮ್ಮೆ ಮುಗಿದಳು. ಮಗನಿಗೆ ಅನ್ನದ ದಾರಿ ಆಯಿತಲ್ಲ, ಇನ್ನೇನು ಬೇಕು?

ಮರುದಿನ ಹನ್ನೆರಡೂವರೆಗೆ ಬಾಳಪ್ಪ ಓಡಿ ಬಂದು ಅವ್ವನ ರಟ್ಟೆ ಹಿಡಿದ. "ಬಾ ಬೇ!" ಎಂದು ಎಳೆದುಕೊಂಡೇ ಹೋದ. ಖಾನಾವಳಿಯ ನಡುವಿನ ಟೇಬಲ್ಲಿಗೆ ಕೂರಿಸಿದ. ಮುಂಬಾಗಿಲಿಗೆ ಅಗಳಿ ಹಾಕಿದ. ಹೊರಗೆ ನಲವತ್ತು ಜನ ನಿಂತರು. ಚನ್ನಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಏನ ಮಾಡಿದ್ಯೋ ಬಾಳ್ಯಾ!"

"ನೀವ ಹೇಳಿದ್ರೆಲ್ಲಾ ಅಕ್ಕಾರ, ನಿಮ್ಮ ಮನಿ ಅಂತ. ನಮ್ಮನಿಯಾಗ ಅವ್ವ ಯಾವಾಗಲೂ ಕಡೀಕ ಉಣತಾಳ್ರಿ. ಒಮ್ಮೊಮ್ಮೆ ಏನೂ ಉಳದಿರೂದಿಲ್ಲ. ಇಲ್ಲಿ ರೊಟ್ಟಿ ಭಾಳ ಅದಾವ, ಅದಕ್ಕ ಮೊದಲು ಕೂರಿಸೀನ್ರಿ."

ಚನ್ನಕ್ಕ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು. ಒಳಗೆ ಹೋಗಿ ಬೆಣ್ಣೆಯ ಬಟ್ಟಲು ತಂದು ಕಲ್ಲವ್ವನ ತಾಟಿನ ಪಕ್ಕ ಇಟ್ಟಳು. ಕಲ್ಲವ್ವನಿಗೆ ತಾಟು ಮಂಜಾಗಿ ಕಂಡಿತು. ಪೆದ್ದ ಎಂದುಕೊಂಡಿದ್ದೆ, ಎಲ್ಲ ನೋಡುತ್ತಿದ್ದನಲ್ಲ!

"ಸಾಕೋ ಮಗನ" ಎಂದಳು. ಎರಡು ರೊಟ್ಟಿ ಬಿದ್ದವು.

ಹೊರಗೆ ಬಾಗಿಲು ಧಡಧಡ ಬಡಿದರು. ಬಾಳಪ್ಪ ಕಿಟಕಿಯಿಂದ ತಲೆ ಹಾಕಿ ಕೂಗಿದ. "ಒಳಗ ನಮ್ಮವ್ವ ಉಣ್ಣಾಕತ್ತಾಳ್ರಿ, ಭಾಳ ಹೆಕ್ಟಿಕ್ ಐತಿ! ನಾಳೆ ಬರ್ರಿ!"