ಎರಡನೆಯ ಕಛೇರಿ

"ಮಾಸ್ತರೇ, ದೊಡ್ಡ ವಾದಕರ ಸಂಗೀತ ಕಛೇರಿಗಳನ್ನು ನೋಡುವುದು ಒಳ್ಳೆಯದೋ, ಕೆಟ್ಟದ್ದೋ?"

ಕೇಳಿದವಳು ಪ್ರಫುಲ್ಲಾ. ಅವಳು ಎಲಿಯಾಸ್ ಮಾಸ್ತರರ ಬಳಿ ಗಿಟಾರ್ ಕಲಿಯತೊಡಗಿ ಕೆಲವು ವರ್ಷಗಳಾಗಿದ್ದವು. ಈಚೆಗೆ ಪಾಠಕ್ಕೆ ಬಂದರೂ ವಾದ್ಯವನ್ನು ಚೀಲದಿಂದ ಹೊರತೆಗೆಯಲು ಹಿಂದೆಮುಂದೆ ನೋಡುತ್ತಿದ್ದಳು.

"ದಿನವೂ ನೋಡುತ್ತೇನೆ. ಬ್ಲೂಸ್ ನುಡಿಸುವವರನ್ನು, ರಾಕ್ ನುಡಿಸುವವರನ್ನು. ಎಂದೋ ಎಲ್ಲೋ ಸಾವಿರಾರು ಜನರ ಮುಂದೆ ಅವರು ನುಡಿಸಿದ್ದು ಈಗ ನನ್ನ ಕೋಣೆಯಲ್ಲಿ ಪರದೆಯ ಮೇಲೆ ಕಾಣುತ್ತದೆ. ನೋಡುವಷ್ಟು ಹೊತ್ತು ಮೈಮರೆಯುತ್ತೇನೆ. ಮುಗಿದ ಮೇಲೆ ನುಡಿಸಲು ನಾಚಿಕೆಯಾಗುತ್ತದೆ. ನೋಡುವುದನ್ನೇ ಬಿಟ್ಟುಬಿಡಲೇ?"

ಮಾಸ್ತರರು ತಮ್ಮ ಗಿಟಾರನ್ನು ಗೋಡೆಗೆ ಒರಗಿಸಿಟ್ಟರು. ಒಂದು ಕತೆ ಹೇಳಿದರು.

ಒಂದು ಬಂದರು ಪಟ್ಟಣದಲ್ಲಿ ಒಬ್ಬ ಗಿಟಾರ್ ವಾದಕನಿದ್ದ. ಹಗಲು ಹೆಂಚಿನ ಕಾರ್ಖಾನೆಯಲ್ಲಿ ಕೆಲಸ. ಸಂಜೆ ಮದುವೆಯ ಹಾಲ್‌ಗಳಲ್ಲಿ, ಹೋಟೆಲುಗಳಲ್ಲಿ ಸಂಗೀತ. ಜತೆಗೆ ಇಬ್ಬರು ಗೆಳೆಯರು, ಒಬ್ಬ ಡ್ರಮ್ ಬಾರಿಸುವವನು, ಇನ್ನೊಬ್ಬ ಹಾಡುವವನು. ವಾದಕನ ಕೈ ಬಹಳ ಚುರುಕು. ಅವನು ನುಡಿಸತೊಡಗಿದರೆ ಊಟಕ್ಕೆ ಕೂತವರು ಕೈ ತಡೆದು ಕೇಳುತ್ತಿದ್ದರು. ಅವನ ಹೆಂಡತಿ ಅವನನ್ನು ಮೊದಲು ಕಂಡದ್ದು ಅಂಥದೇ ಒಂದು ಮದುವೆಯಲ್ಲಿ. ಅವಳು ಅವನ ಮುಖ ನೋಡುವ ಮೊದಲೇ ಅವನ ವಾದನ ಕೇಳಿದ್ದಳು.

ಒಂದು ದಿನ ಕಾರ್ಖಾನೆಯಲ್ಲಿ ಜೇಡಿಮಣ್ಣು ಒತ್ತುವ ಯಂತ್ರಕ್ಕೆ ಅವನ ಎಡಗೈ ಸಿಕ್ಕಿಬಿತ್ತು. ನಡುವಿನ ಎರಡು ಬೆರಳು ಹೋದವು. ತೋರುಬೆರಳು ಉಳಿಯಿತು, ಆದರೆ ಮಡಚಲು ಬಾರದಾಯಿತು. ಹೆಬ್ಬೆರಳಿಗೂ ಕಿರುಬೆರಳಿಗೂ ಏನೂ ಆಗಲಿಲ್ಲ. ಗಾಯ ಮಾಯಿತು. ಕಾರ್ಖಾನೆಯವರು ಅವನಿಗೆ ಗೇಟಿನ ಬಳಿ ಕೂತು ಮಾಡುವ ಕೆಲಸ ಕೊಟ್ಟರು. ಗಿಟಾರ್ ಪೆಟ್ಟಿಗೆ ಸೇರಿ ಕಪಾಟಿನ ಮೇಲೆ ಹೋಯಿತು.

ಅವನ ಭಾವ ಹಡಗಿನಲ್ಲಿ ಕೆಲಸ ಮಾಡುತ್ತಿದ್ದ. ಊರಿಗೆ ಬಂದಾಗ, ಪಾಪ, ಇವನಿಗೆ ಹೊತ್ತು ಹೋಗಲಿ ಎಂದು ಒಂದಷ್ಟು ವಿಡಿಯೊ ಡಿಸ್ಕುಗಳನ್ನು ತಂದುಕೊಟ್ಟ. ಎಲ್ಲವೂ ಸಮುದ್ರದಾಚೆಯ ಗಿಟಾರ್ ವಾದಕರ ಕಛೇರಿಗಳು. ಅಂದು ಸಂಜೆ ಅವನು ಮೊದಲನೆಯದನ್ನು ಹಾಕಿ ನೋಡಿದ. ಅಪಘಾತವಾದ ಮೇಲೆ ಮೊದಲ ಸಲ ಅವನ ಮುಖದಲ್ಲಿ ಕಳೆ ಕಂಡಿತು. ಹೆಂಡತಿ ಮನಸ್ಸಿನಲ್ಲೇ ಅಣ್ಣನಿಗೆ ಒಳ್ಳೆಯದಾಗಲಿ ಎಂದುಕೊಂಡಳು.

ಆಮೇಲೆ ಅದೇ ಅವನ ಬದುಕಾಯಿತು. ಕೆಲಸದಿಂದ ಬಂದು ಕೈಕಾಲು ತೊಳೆದರೆ ಟಿವಿಯ ಮುಂದಿನ ಕುರ್ಚಿ. ಒಬ್ಬ ಕಣ್ಣು ಮುಚ್ಚಿ ನುಡಿಸುತ್ತಿದ್ದ. ಇನ್ನೊಬ್ಬ ಬೆವರಿನಲ್ಲಿ ತೊಯ್ದು ಮಂಡಿಯೂರಿ ನುಡಿಸುತ್ತಿದ್ದ. ಮತ್ತೊಬ್ಬ ಬೆರಳಿಗೆ ಗಾಜಿನ ಕೊಳವೆ ತೊಟ್ಟು ತಂತಿಯ ಮೇಲೆ ಜಾರಿಸುತ್ತ ಅಳುವಂಥ ಸ್ವರ ಹೊರಡಿಸುತ್ತಿದ್ದ. ಯಾರು ಯಾವ ಹಾಡನ್ನು ಯಾವ ಊರಿನಲ್ಲಿ ಹೇಗೆ ನುಡಿಸಿದರು ಎಂಬುದೆಲ್ಲ ಅವನಿಗೆ ಬಾಯಿಪಾಠವಾಯಿತು. ಹೆಂಡತಿ ಏನಾದರೂ ಕೇಳಿದರೆ ಸುಮ್ಮನಿರು ಎಂದು ಕೈಸನ್ನೆ ಮಾಡುತ್ತಿದ್ದ. ಅವಳು ಕೇಳುವುದನ್ನು ಬಿಟ್ಟಳು.

ಹಳೆಯ ಗೆಳೆಯರಿಬ್ಬರೂ ಒಮ್ಮೆ ಮನೆಗೆ ಬಂದರು. ಅವರು ಹೊಸ ಹುಡುಗನೊಬ್ಬನನ್ನು ಗಿಟಾರಿಗೆ ಸೇರಿಸಿಕೊಂಡಿದ್ದರು.

"ಬಂದು ಅವನಿಗೆ ಸ್ವಲ್ಪ ಹೇಳಿಕೊಡು ಮಾರಾಯ. ನೀನು ಎದುರು ಕೂತರೆ ಸಾಕು, ನಮಗೂ ಧೈರ್ಯ," ಎಂದ ಹಾಡುವವನು.

ವಾದಕ ಟಿವಿಯ ಕಡೆ ಬೆರಳು ತೋರಿಸಿದ. "ಇವರನ್ನು ನೋಡಿ. ನೋಡಿದ ಮೇಲೆ ನೀವೇ ಹೇಳಿ. ನಾವು ಇಷ್ಟು ದಿನ ಮಾಡಿದ್ದು ಸಂಗೀತವೇ?"

ಗೆಳೆಯರು ಸ್ವಲ್ಪ ಹೊತ್ತು ಟಿವಿ ನೋಡಿದರು. ಚಹಾ ಕುಡಿಯದೆ ಎದ್ದು ಹೋದರು. ಮತ್ತೆ ಆ ಕಡೆ ಬರಲಿಲ್ಲ. ಅಂದು ಅವರು ಅಂಗಳ ದಾಟಿ ಹೋಗುವುದನ್ನು ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಅವನು ನೋಡಲಿಲ್ಲ.

ಅವನಿಗೆ ಎಲ್ಲರಿಗಿಂತ ಪ್ರಿಯನಾದವನು ಒಬ್ಬ ಬ್ಲೂಸ್ ವಾದಕ. ಆ ವಾದಕನ ಡಿಸ್ಕಿನಲ್ಲಿ ಎರಡು ಕಛೇರಿಗಳಿದ್ದವು. ಒಂದು ಅವನ ಏರುಜವ್ವನದ್ದು, ಇನ್ನೊಂದು ಮುಪ್ಪಿನದ್ದು. ಮೊದಲನೆಯದರಲ್ಲಿ ಸ್ವರಗಳು ಕಾಳು ಸುರಿದಂತೆ ಸುರಿಯುತ್ತಿದ್ದವು. ನಮ್ಮ ವಾದಕ ಅದನ್ನು ಎಷ್ಟು ಸಲ ನೋಡಿದನೋ ಲೆಕ್ಕವಿಲ್ಲ. ಎರಡನೆಯದನ್ನು ಒಂದೇ ಒಂದು ಸಲ ಹಾಕಿ, ಆ ಮುದುಕನ ನಡುಗುವ ಕೈ ಕಂಡದ್ದೇ ಆರಿಸಿಬಿಟ್ಟಿದ್ದ. ಆಮೇಲೆ ಮೊದಲನೆಯ ಕಛೇರಿ ಮುಗಿಯುತ್ತ ಬಂದಾಗಲೇ ಎದ್ದು ನಿಲ್ಲಿಸುತ್ತಿದ್ದ.

ಒಂದು ಸಂಜೆ ಮೊದಲನೆಯ ಕಛೇರಿ ನಡೆಯುತ್ತಿದ್ದಾಗ ಪಕ್ಕದ ಮನೆಯವರು ಏನೋ ಕೆಲಸಕ್ಕೆ ಅವನನ್ನು ಕರೆದರು. ಅವನು ಟಿವಿ ಆರಿಸದೆ ಹೋದ. ಅಲ್ಲಿ ತಡವಾಯಿತು. ಮರಳಿ ಬಂದಾಗ ಹೆಂಡತಿ ಟಿವಿಯ ಮುಂದೆ ನೆಲದ ಮೇಲೆ ಕೂತಿದ್ದಳು. ಆರಿಸಲು ಬಂದವಳು ಅಲ್ಲೇ ಕೂತುಬಿಟ್ಟಿದ್ದಳು. ಅವಳ ಕೆನ್ನೆ ಒದ್ದೆಯಾಗಿತ್ತು. ನಡೆಯುತ್ತಿದ್ದುದು ಎರಡನೆಯ ಕಛೇರಿ.

ಮುದುಕ ಕುರ್ಚಿಯ ಮೇಲೆ ಕೂತಿದ್ದ. ಹಾಡು ಅದೇ. ಆದರೆ ಮೊದಲು ಸ್ವರಗಳು ಸುರಿದ ಕಡೆ ಈಗ ಒಂದೇ ಸ್ವರ. ಅದು ಪೂರ್ತಿ ಕರಗುವ ತನಕ ಅವನು ಕಾಯುತ್ತಿದ್ದ. ಆಮೇಲೆ ಇನ್ನೊಂದು. ಒಂದು ಕಡೆ ಬೆರಳು ಗುರಿ ತಪ್ಪಿತು. ಅವನು ನಕ್ಕು ಆ ಜಾಗವನ್ನು ಖಾಲಿ ಬಿಟ್ಟು ಮುಂದೆ ಹೋದ. ಜನ ಉಸಿರು ಬಿಗಿಹಿಡಿದು ಕೂತಿದ್ದರು.

"ಆರಿಸು ಅದನ್ನು. ಅವನ ಕೈ ಹೋಗಿದೆ. ನೋಡಿದರೆ ಸಂಕಟವಾಗುತ್ತದೆ," ಎಂದ ಗಂಡ.

"ಹೋಗಿದೆ," ಎಂದಳು ಅವಳು. ತಿರುಗಿ ನೋಡಲಿಲ್ಲ. "ಅವನು ಆಗದ್ದನ್ನು ಬಿಟ್ಟಿದ್ದಾನೆ. ನೀವು ಆಗುವುದನ್ನೂ ಬಿಟ್ಟಿರಿ."

ಅಷ್ಟು ಹೇಳಿ ಎದ್ದು ಒಳಗೆ ಹೋದಳು.

ಅವನಿಗೆ ಸಿಟ್ಟು ಬಂತು. ಸಂಗೀತದ ಗಂಧವಿಲ್ಲದವಳು ಏನು ಬಲ್ಲಳು ಎನ್ನಿಸಿತು. ಒಳಗೆ ಹೋಗಿ ಎರಡು ಮಾತು ಆಡಬೇಕೆಂದು ಎದ್ದ. ಹೋಗಲಾಗಲಿಲ್ಲ. ಅವಳ ಮಾತಿನಲ್ಲಿ ಸುಳ್ಳೆಲ್ಲಿದೆ ಎಂದು ಹುಡುಕಿದ. ಸಿಕ್ಕಲಿಲ್ಲ. ಕೊನೆಗೆ ಮತ್ತೆ ಕುರ್ಚಿಯಲ್ಲಿ ಕೂತು ಎರಡನೆಯ ಕಛೇರಿಯನ್ನು ಮೊದಲಿನಿಂದ ಹಾಕಿದ. ಈ ಸಲ ಕೊನೆಯ ತನಕ ನೋಡಿದ.

ಮಾರನೆಯ ದಿನ ಹೆಂಡತಿ ಪೇಟೆಗೆ ಹೋದ ಹೊತ್ತು ನೋಡಿ ಗಿಟಾರನ್ನು ಕೆಳಗಿಳಿಸಿದ. ತಂತಿಗಳು ತುಕ್ಕು ಹಿಡಿದಿದ್ದವು. ಕಿರುಬೆರಳಿನಿಂದ ಒಂದು ತಂತಿಯನ್ನು ಒತ್ತಿದ. ಬೆರಳಿಗೆ ಬಲ ಸಾಲದೆ ಸ್ವರ ಸತ್ತುಹೋಯಿತು. ಮತ್ತೆ ಒತ್ತಿದ. ಮತ್ತೆ ಸತ್ತಿತು. ವಾದ್ಯವನ್ನು ಪೆಟ್ಟಿಗೆಗೆ ಹಾಕಬೇಕೆಂದು ಕೈ ಹೋಯಿತು. ಆಗ ಅವನಿಗೆ ಬೆರಳಿಗೆ ಗಾಜಿನ ಕೊಳವೆ ತೊಟ್ಟು ನುಡಿಸುವವನ ನೆನಪಾಯಿತು. ಹಾಗೆ ನುಡಿಸುವವನಿಗೆ ತಂತಿಯನ್ನು ಒತ್ತಬೇಕಾಗಿಲ್ಲ, ತಾಗಿಸಿದರೆ ಸಾಕು. ಅದಕ್ಕೆ ಒಂದು ಬೆರಳು ಸಾಕು. ಆ ಕಛೇರಿಯನ್ನು ಅವನು ಎಷ್ಟೋ ಸಲ ನೋಡಿದ್ದ. ಈ ಮಾತು ಒಮ್ಮೆಯೂ ಹೊಳೆದಿರಲಿಲ್ಲ.

ಗಾಜು ಸಿಕ್ಕಲಿಲ್ಲ. ನಲ್ಲಿ ರಿಪೇರಿ ಮಾಡುವವನಲ್ಲಿಗೆ ಹೋಗಿ ಬೆರಳಿನ ಅಳತೆ ಕೊಟ್ಟು ಉಕ್ಕಿನ ಪೈಪಿನ ತುಂಡೊಂದನ್ನು ಕೊಯ್ಯಿಸಿ ತಂದ. ಹೊಸ ತಂತಿ ಹಾಕಿದ. ಪೈಪನ್ನು ಕಿರುಬೆರಳಿಗೆ ತೊಟ್ಟು ತಂತಿಯ ಮೇಲೆ ಜಾರಿಸಿದ. ಬೆಕ್ಕಿನ ಬಾಲ ತುಳಿದಂಥ ಸದ್ದು ಬಂತು. ಬೀದಿಯಲ್ಲಿ ಹೋಗುತ್ತಿದ್ದ ಮಕ್ಕಳು ನಕ್ಕರು.

ಎಷ್ಟೋ ಸಂಜೆಗಳು ಅದೇ ಸದ್ದು. ಸ್ವರ ಇರಬೇಕಾದ ಕಡೆಗಿಂತ ಕೂದಲಿನಷ್ಟು ಆಚೆ ಜಾರುತ್ತಿತ್ತು, ಇಲ್ಲವೇ ಈಚೆ ನಿಲ್ಲುತ್ತಿತ್ತು. ಒಮ್ಮೆ ರೇಗಿ ಪೈಪನ್ನು ಅಂಗಳಕ್ಕೆ ಎಸೆದ. ಸ್ವಲ್ಪ ಹೊತ್ತಿನ ಮೇಲೆ ತಾನೇ ಹೋಗಿ ಹುಡುಕಿ ತಂದು ತೊಳೆದ. ಹೆಂಡತಿ ತನ್ನ ಪಾಡಿಗೆ ಅಡುಗೆಮನೆಯಲ್ಲಿ ಪಾತ್ರೆ ಬೆಳಗುತ್ತಿದ್ದಳು.

ಒಂದು ಸಂಜೆ ಸ್ವರ ನಿಂತಿತು. ಜಾರಿ ಬಂದು, ನಿಲ್ಲಬೇಕಾದಲ್ಲಿ ಸರಿಯಾಗಿ ನಿಂತು, ಸಣ್ಣಗೆ ನಡುಗುತ್ತ ಉಳಿಯಿತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತುಹೋಯಿತು. ಅವನು ಕಾದ. ಇನ್ನೊಂದು ಸ್ವರ ನುಡಿಸಿದ. ಆಮೇಲೆ ಮತ್ತೊಂದು. ಮೊದಲು ಅವನು ಕಣ್ಣು ಮಿಟುಕಿಸುವಷ್ಟರಲ್ಲಿ ನುಡಿಸಿ ಮುಗಿಸುತ್ತಿದ್ದ ಸಾಲು ಅದು. ಈಗ ಮುಗಿಯಲು ಬಹಳ ಹೊತ್ತು ಹಿಡಿಯಿತು. ಅವನು ಕೈ ತೆಗೆಯುವ ತನಕ ಅಡುಗೆಮನೆಯಿಂದ ಒಂದು ಸದ್ದೂ ಬರಲಿಲ್ಲ.

ಮುಂದಿನ ಭಾನುವಾರ ಅವನು ಗೆಳೆಯರ ಮನೆಗಳಿಗೆ ತಾನೇ ಹೋದ. ತಪ್ಪಾಯಿತು ಎಂದ. ಹಾಡುವವನು ಅಪ್ಪಿಕೊಂಡ. ಡ್ರಮ್ ಬಾರಿಸುವವನು ಅಂದು ಟಿವಿ ನೋಡಿ ಮನೆಗೆ ಹೋದವನೇ ತನ್ನ ಡ್ರಮ್ಮುಗಳನ್ನು ಮಾರಿಬಿಟ್ಟಿದ್ದ. ಅದನ್ನು ಕೇಳಿ ಇವನು ತಲೆ ತಗ್ಗಿಸಿದ. ಆ ನಷ್ಟ ತುಂಬಿಕೊಡುವ ದಾರಿ ಇವನಿಗೆ ಕೊನೆಯ ತನಕ ಸಿಗಲಿಲ್ಲ. ಹೊಸ ಹುಡುಗ ಆಗಲೇ ಬೇರೆ ಕಡೆ ಸೇರಿದ್ದ; ಉಳಿದ ಇಬ್ಬರೇ ಸೇರಿ ಸಂಗೀತ ಶುರುಮಾಡಿದರು. ದೊಡ್ಡ ಹೋಟೆಲುಗಳು ಅವರನ್ನು ಕರೆಯಲಿಲ್ಲ. ನೆರೆಹೊರೆಯವರು ಕರೆದರು.

ಒಂದು ಮದುವೆಯ ಮನೆಯಲ್ಲಿ ಅವನು ನುಡಿಸುವಾಗ ಯಾರೋ ಅದನ್ನು ಫೋನಿನಲ್ಲಿ ಹಿಡಿದುಕೊಂಡರು. ಆಮೇಲೆ ಮನೆಗೆ ಬಂದು ತೋರಿಸಿದರು. ಮೂರು ಬೆರಳಿನ ಆ ಕೈಯನ್ನು ಪರದೆಯ ಮೇಲೆ ಕಂಡು ಅವನು ಮೊದಲು ಮುಖ ತಿರುಗಿಸಿದ. ಆಮೇಲೆ ನೋಡಿದ. ಕೊನೆಯ ತನಕ ನೋಡಿದ. ಇನ್ನೊಮ್ಮೆ ಹಾಕಲೇ ಎಂದು ಕೇಳಿದಾಗ ಬೇಡವೆಂದ. ಅವನಿಗೆ ಅಭ್ಯಾಸದ ಹೊತ್ತಾಗಿತ್ತು.

ಮಾಸ್ತರರು ಕತೆ ನಿಲ್ಲಿಸಿದರು.

"ಹಾಗಾದರೆ ಅವನು ಡಿಸ್ಕುಗಳನ್ನು ನೋಡುವುದು ಬಿಟ್ಟನೇ, ಮಾಸ್ತರೇ?"

"ಇಲ್ಲ. ಬದುಕಿರುವ ತನಕ ನೋಡಿದ. ಎರಡೂ ಕಛೇರಿಗಳನ್ನು ನೋಡಿದ."

"ಮತ್ತೆ ಬದಲಾದದ್ದು ಏನು? ನಾನು ನೋಡುವುದೂ ಅದನ್ನೇ ಅಲ್ಲವೇ?"

ಮಾಸ್ತರರು ಅವಳ ಮುಖವನ್ನೇ ನೋಡುತ್ತ ಕೇಳಿದರು:

"ನೋಡುವಾಗ ನಿನ್ನ ಕೈ ಎಲ್ಲಿರುತ್ತದೆ, ಮಗಳೇ?"

ಪ್ರಫುಲ್ಲಾ ಚೀಲ ಬಿಚ್ಚಿ ಗಿಟಾರನ್ನು ಹೊರತೆಗೆದಳು.